ಬಿಸಿಯಾದ ಕಾರು ಮತ್ತೆ ಚಾಲೂ ಆಗದಿದ್ದಾಗ: ದೋಷವನ್ನು ಗುರುತಿಸುವ ಕ್ರಮ

ಬೆಳಿಗ್ಗೆ ಮೊದಲ ಯತ್ನದಲ್ಲಿಯೇ ಚಾಲೂ ಆಗುವ ಕಾರು, ಒಂದೆರಡು ಗಂಟೆ ಓಡಿದ ತರುವಾಯ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಚಾಲೂ ಆಗಲು ಹಠ ಮಾಡುವುದುಂಟು. ಅರ್ಧ ಗಂಟೆ ಅಥವಾ ಒಂದು ಗಂಟೆ ಕಳೆದ ಮೇಲೆ ಅದೇ ಕಾರು ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಅನೇಕ ವಾಹನ ಮಾಲೀಕರು ಎದುರಿಸಿರುವ ಈ ತೊಂದರೆಯು ನೋಡಲು ಚಿಕ್ಕದಾದರೂ, ಅದು ಸಂಭವಿಸುವ ಸ್ಥಳ ಮತ್ತು ಸಮಯಗಳ ಕಾರಣದಿಂದ ಅಪಾಯಕಾರಿಯಾಗಿ ಪರಿಣಮಿಸಬಹುದು.

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂತಹ ಸಂದರ್ಭಗಳು ಅಪರಿಚಿತವಲ್ಲ. ಠಾಣೆಯ ಪೂರ್ವಭಾಗವಾದ ಕೋಪರಿಯ ಬಳಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯು ರೈಲುಹಳಿಗಳನ್ನು ದಾಟುವ ಸೇತುವೆಯು ಬಹುಕಾಲ ಹೆದ್ದಾರಿಗಿಂತ ಕಿರಿದಾಗಿದ್ದು, ವಾಹನಗಳ ಸಾಲು ಅಲ್ಲಿ ನಿಂತುನಿಂತು ಸಾಗುತ್ತಿತ್ತು. 2023ರಲ್ಲಿ ಅಗಲವಾದ ಸೇತುವೆಯು ಸಂಚಾರಕ್ಕೆ ತೆರೆಯಿತು. 2024ರ ಅಕ್ಟೋಬರ್‌ನಲ್ಲಿ ಮುಂಬಯಿಯ ಪ್ರವೇಶದ್ವಾರಗಳಲ್ಲಿ ಲಘುವಾಹನಗಳಿಗೆ ಸುಂಕದ ವಿನಾಯಿತಿಯೂ ದೊರೆಯಿತು. ಆದರೂ ಕಚೇರಿಯ ವೇಳೆಯಲ್ಲಿ ಈ ಪ್ರದೇಶದ ರಸ್ತೆಗಳ ಮೇಲಿನ ದಟ್ಟಣೆ ತಪ್ಪಿದ್ದಲ್ಲ. ರಜೆಯ ದಿನಗಳಲ್ಲಿ ಊರಿಗೆ ಹೊರಟವರು ಖಂಡಾಳಾ ಘಟ್ಟವನ್ನೇರಿ, ಪುಣೆ, ಸಾತಾರಾ, ಕೊಲ್ಹಾಪುರಗಳ ಮಾರ್ಗವಾಗಿ ನಿಪ್ಪಾಣಿ ಮತ್ತು ಬೆಳಗಾವಿಯ ಕಡೆಗೆ ಸಾಗುತ್ತಾರೆ. ಘಟ್ಟ ಹತ್ತಿ ಚಹಾಕ್ಕೆಂದು ನಿಲ್ಲಿಸಿದ ಹದಿನೈದು ನಿಮಿಷಗಳೇ ಈ ದೋಷವು ತಲೆದೋರುವ ಕಾಲ.

ಈ ದೋಷದ ವಿಶೇಷವೊಂದನ್ನು ಓದುಗರು ಮೊದಲೇ ಗಮನಿಸಬೇಕು. ಕಾರು ಗ್ಯಾರೇಜನ್ನು ತಲುಪುವ ಹೊತ್ತಿಗೆ, ಅಥವಾ ಮೆಕ್ಯಾನಿಕ್ ಕಾರಿನ ಬಳಿಗೆ ಬರುವ ಹೊತ್ತಿಗೆ ಎಂಜಿನ್ ತಣಿದಿರುತ್ತದೆ, ದೋಷವೂ ಮಾಯವಾಗಿರುತ್ತದೆ. ಆಗ ಉಳಿಯುವುದು ಊಹೆಯೊಂದೇ. ಊಹೆಯಿಂದ ಇಂದು ಬ್ಯಾಟರಿ, ನಾಳೆ ಪ್ಲಗ್ಗು, ನಾಡಿದ್ದು ಪಂಪು ಎಂದು ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋದರೆ ಹಣ ವ್ಯಯವಾಗುವುದಲ್ಲದೆ ದೋಷವೂ ಉಳಿಯಬಹುದು. ಈ ವಿಷಯದಲ್ಲಿ ಕಾರಿನಲ್ಲಿ ಕುಳಿತಿದ್ದವನೇ ಮುಖ್ಯ ಸಾಕ್ಷಿ. ಆತನು ಏನನ್ನು ನೋಡಬೇಕು, ಏನನ್ನು ಕೇಳಬೇಕು, ಏನನ್ನು ಬರೆದಿಡಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಿಲ್ಲಿಸಿದ ಮೇಲೆ ಏರುವ ಶಾಖ

ಎಂಜಿನ್ ನಿಂತ ಕೂಡಲೇ ತಣಿಯಲಾರಂಭಿಸುತ್ತದೆ ಎಂಬುದು ಸಾಮಾನ್ಯ ಭಾವನೆ. ವಸ್ತುಸ್ಥಿತಿ ಬೇರೆ. ಓಡುತ್ತಿರುವ ಎಂಜಿನ್ನಿನಲ್ಲಿ ನೀರು ಸದಾ ಸುತ್ತುತ್ತಿರುತ್ತದೆ, ರೇಡಿಯೇಟರಿನ ಮೂಲಕ ಗಾಳಿ ಹಾಯುತ್ತದೆ, ಟ್ಯಾಂಕಿನಿಂದ ಹೊಸ ಇಂಧನವು ಹರಿದು ಬರುತ್ತಿರುತ್ತದೆ. ತಂಪುಗೊಳಿಸುವ ನೀರಿನ ಉಷ್ಣತೆಯು ಸಾಮಾನ್ಯವಾಗಿ 85ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ. ಹೊಗೆಯು ಹೊರಹೋಗುವ ಕೊಳವೆಯ ಉಷ್ಣತೆಯು ಇದರ ಹಲವು ಪಟ್ಟು. ಎಂಜಿನ್ ನಿಂತಾಗ ನೀರಿನ ಪಂಪು ನಿಲ್ಲುತ್ತದೆ, ಗಾಳಿ ನಿಲ್ಲುತ್ತದೆ, ಇಂಧನದ ಹರಿವೂ ನಿಲ್ಲುತ್ತದೆ. ಆದರೆ ಕಾದ ಲೋಹದಲ್ಲಿ ಸೇರಿಕೊಂಡ ಶಾಖವು ಅಲ್ಲಿಯೇ ಇರುತ್ತದೆ. ಒಲೆಯನ್ನು ಆರಿಸಿದ ಮೇಲೂ ಕಾದ ಪಾತ್ರೆಯ ಶಾಖಕ್ಕೆ ಹಾಲು ಉಕ್ಕುವುದನ್ನು ಗೃಹಿಣಿಯರು ಬಲ್ಲರು. ಅದೇ ಬಗೆಯಲ್ಲಿ, ಬಾನೆಟ್ಟಿನ ಕೆಳಗಿನ ಇಂಧನದ ಕೊಳವೆ, ತಂತಿ, ಸುರುಳಿ ಮತ್ತು ಸಂವೇದಕಗಳು ಕಾರು ಓಡುವಾಗ ಇದ್ದುದಕ್ಕಿಂತ ಹೆಚ್ಚಾಗಿ ಕಾಯುವುದು ಕಾರು ನಿಂತ ಮೊದಲ ಹತ್ತರಿಂದ ಮೂವತ್ತು ನಿಮಿಷಗಳಲ್ಲಿ. ಆದುದರಿಂದಲೇ ಎರಡು ನಿಮಿಷ ನಿಲ್ಲಿಸಿದಾಗ ಕಾಣದ ತೊಂದರೆಯು ಹದಿನೈದು ನಿಮಿಷ ನಿಲ್ಲಿಸಿದಾಗ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಭೇದವನ್ನು ತಿಳಿದಿರುವುದು ಅವಶ್ಯಕ. ಎಂಜಿನ್ ತನ್ನ ಸಹಜವಾದ ಬಿಸಿಯಲ್ಲಿರುವಾಗ ಚಾಲೂ ಆಗದಿರುವುದು ಒಂದು ಬಗೆ. ಉಷ್ಣತೆಯ ಮುಳ್ಳು ಕೆಂಪು ಗುರುತನ್ನು ಮುಟ್ಟಿ, ಎಂಜಿನ್ ಮಿತಿಮೀರಿ ಕಾದು ನಿಲ್ಲುವುದು ಮತ್ತೊಂದು ಬಗೆ. ಎರಡನೆಯದರಲ್ಲಿ ನೀರಿನ ಸೋರಿಕೆ, ಫ್ಯಾನು, ಥರ್ಮೋಸ್ಟಾಟ್ ಇವುಗಳನ್ನು ಮೊದಲು ಪರಿಶೀಲಿಸಬೇಕು; ಅಂತಹ ಎಂಜಿನ್ನನ್ನು ಬಲವಂತವಾಗಿ ಚಾಲೂ ಮಾಡಲೇಬಾರದು. ಈ ಲೇಖನವು ಮೊದಲನೆಯ ಬಗೆಗೆ ಸಂಬಂಧಿಸಿದುದು.

ಪದ್ಮಿನಿಯ ಕಾಲದ ಒದ್ದೆ ಬಟ್ಟೆ

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರು ದಶಕಗಳ ಕಾಲ ಈ ಮಹಾನಗರದ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿಯಿತು. ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿಯ ಇಪ್ಪತ್ತು ವರ್ಷಗಳ ಅವಧಿ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಬೇಸಿಗೆಯ ಮಧ್ಯಾಹ್ನ ರಸ್ತೆಯ ಅಂಚಿಗೆ ಟ್ಯಾಕ್ಸಿಯನ್ನು ನಿಲ್ಲಿಸಿ, ಬಾನೆಟ್ ಎತ್ತಿ, ಇಂಧನದ ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಸುತ್ತುತ್ತಿದ್ದ ಚಾಲಕರನ್ನು ಹಿರಿಯ ಓದುಗರು ಕಂಡಿರಬಹುದು. ಇದು ಮೂಢನಂಬಿಕೆಯಾಗಿರಲಿಲ್ಲ, ಇದರ ಹಿಂದೆ ಸರಿಯಾದ ವಿಜ್ಞಾನವಿತ್ತು.

ಪೆಟ್ರೋಲು ಒಂದೇ ವಸ್ತುವಲ್ಲ. ಹಲವು ದ್ರವಗಳ ಮಿಶ್ರಣ. ಅದರ ಅತಿ ಹಗುರವಾದ ಅಂಶಗಳು ಸುಮಾರು 40 ಡಿಗ್ರಿಯ ಆಸುಪಾಸಿನಲ್ಲಿಯೇ ಆವಿಯಾಗತೊಡಗುತ್ತವೆ. ಹಳೆಯ ಕಾರುಗಳಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತಿತ್ತು. ಹೀರುವ ಕೊಳವೆಯೊಳಗೆ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಷ್ಟೂ ದ್ರವವು ಬೇಗ ಕುದಿಯುತ್ತದೆ. ಹೀಗೆ ಕುದಿದ ಪೆಟ್ರೋಲಿನ ಆವಿಯು ಕೊಳವೆಯಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ದ್ರವವನ್ನು ತಳ್ಳಲೆಂದು ರಚಿತವಾದ ಪಂಪಿಗೆ ಆವಿಯನ್ನು ತಳ್ಳುವ ಶಕ್ತಿಯಿಲ್ಲ. ಇದನ್ನೇ ‘ವೇಪರ್ ಲಾಕ್’ ಎನ್ನುತ್ತಾರೆ. ಒದ್ದೆ ಬಟ್ಟೆಯ ನೀರು ಆರುವಾಗ ಪಂಪಿನ ಶಾಖವನ್ನು ಸೆಳೆದುಕೊಳ್ಳುತ್ತದೆ, ಆವಿಯು ಮರಳಿ ದ್ರವವಾಗುತ್ತದೆ, ಎಂಜಿನ್ ಹೊರಡುತ್ತದೆ.

ಇದಕ್ಕೆ ನೇರ ವಿರುದ್ಧವಾದ ತೊಂದರೆಯೂ ಕಾರ್ಬ್ಯುರೇಟರಿನ ಕಾರುಗಳಲ್ಲಿತ್ತು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲು ಶಾಖಕ್ಕೆ ಉಕ್ಕಿ ಎಂಜಿನ್ನಿನೊಳಗೆ ಸುರಿಯುತ್ತಿತ್ತು. ಆಗ ಇಂಧನದ ಕೊರತೆಗೆ ಬದಲಾಗಿ ಅತಿರೇಕವುಂಟಾಗಿ ಪ್ಲಗ್ಗುಗಳು ನೆನೆದುಹೋಗುತ್ತಿದ್ದವು. ಒಂದೇ ಲಕ್ಷಣಕ್ಕೆ ಎರಡು ವಿರುದ್ಧ ಕಾರಣಗಳು! ಕೊರತೆಗೆ ಮಾಡುವ ಉಪಾಯವು ಅತಿರೇಕವನ್ನು ಇನ್ನಷ್ಟು ಹೆಚ್ಚಿಸುತ್ತದೆ. ದೋಷವನ್ನು ಗುರುತಿಸದೆ ಚಿಕಿತ್ಸೆಗೆ ತೊಡಗಬಾರದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಇಂಜೆಕ್ಷನ್ ಕಾರುಗಳಲ್ಲಿ ಬದಲಾದುದೇನು?

2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ ನಮ್ಮ ದೇಶದ ಹೊಸ ಪೆಟ್ರೋಲು ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಗಿ, ಅದರ ಸ್ಥಾನಕ್ಕೆ ವಿದ್ಯುನ್ಮಾನ ನಿಯಂತ್ರಣದ ಇಂಜೆಕ್ಟರುಗಳು ಬಂದವು. ಇವುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು, ಪೆಟ್ರೋಲನ್ನು ಸಾಮಾನ್ಯವಾಗಿ ವಾತಾವರಣದ ಮೂರು-ನಾಲ್ಕು ಪಟ್ಟು ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಪ್ರೆಶರ್ ಕುಕ್ಕರಿನೊಳಗಿನ ನೀರು ಹೇಗೆ 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆಯೋ, ಹಾಗೆಯೇ ಒತ್ತಡದಲ್ಲಿರುವ ಪೆಟ್ರೋಲು ಬೇಗನೆ ಆವಿಯಾಗುವುದಿಲ್ಲ. ಎಂಜಿನ್ ನಿಂತ ಮೇಲೂ ಈ ಒತ್ತಡವು ಬಹಳ ಹೊತ್ತು ಉಳಿಯುವಂತೆ ಪಂಪಿನಲ್ಲಿ ಒಂದು ತಡೆ ಕವಾಟವನ್ನು ಅಳವಡಿಸಲಾಗಿರುತ್ತದೆ.

ಈ ಕವಾಟವು ಸವೆದರೆ, ಒತ್ತಡ ನಿಯಂತ್ರಕವು ಸೋರಿದರೆ, ಅಥವಾ ಇಂಜೆಕ್ಟರಿನ ತುದಿಯಲ್ಲಿ ಪೆಟ್ರೋಲು ತೊಟ್ಟಿಕ್ಕಿದರೆ ಒತ್ತಡವು ಇಳಿದುಹೋಗುತ್ತದೆ. ಆಗ ಕುಕ್ಕರಿನ ಮುಚ್ಚಳ ತೆಗೆದಂತಾಗಿ, ಕಾದ ಕೊಳವೆಯಲ್ಲಿನ ಪೆಟ್ರೋಲು ಆವಿಯಾಗುತ್ತದೆ. ಹೀಗೆ ಹಳೆಯ ಪದ್ಮಿನಿಯ ರೋಗವೇ ಹೊಸ ಕಾರಿನಲ್ಲಿ ಬೇರೆ ದಾರಿಯಿಂದ ಬರುತ್ತದೆ.

2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಸುಮಾರು ಶೇಕಡ 20ರಷ್ಟು ಎಥನಾಲ್ ಬೆರೆಯತೊಡಗಿದೆ. ಹಳೆಯ ಕಾರುಗಳ ರಬ್ಬರು ಕೊಳವೆಗಳು ಮತ್ತು ಬಿರಡೆಗಳು ಇಂತಹ ಮಿಶ್ರಣಕ್ಕೆಂದು ತಯಾರಾದವುಗಳಲ್ಲ. ಆದುದರಿಂದ ಹಳೆಯ ಕಾರುಳ್ಳವರು ಇಂಧನದ ರಬ್ಬರು ಭಾಗಗಳು ಬಿರಿದಿವೆಯೇ, ಮೆತ್ತಗಾಗಿವೆಯೇ ಎಂದು ಆಗಾಗ ಪರೀಕ್ಷಿಸಿಕೊಳ್ಳುವುದು ಹಿತಕರ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತದೆಯೇ?

ಬಿಸಿಯಾದ ಕಾರು ಚಾಲೂ ಆಗದಿದ್ದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯಿದು. ಕೀಲಿಯನ್ನು ತಿರುಗಿಸಿದಾಗ ಸ್ಟಾರ್ಟರ್ ಮೋಟಾರು, ಅಂದರೆ ಆಡುಮಾತಿನ ‘ಸೆಲ್ಫ್’, ಎಂಜಿನ್ನನ್ನು ಎಂದಿನ ವೇಗದಲ್ಲಿ ತಿರುಗಿಸುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು.

‘ಟಕ್’ ಎಂಬ ಒಂದೇ ಸದ್ದು ಬಂದು ನಿಂತರೆ, ಅಥವಾ ಎಂಜಿನ್ ಬಲು ನಿಧಾನವಾಗಿ, ಏದುಸಿರು ಬಿಡುತ್ತ ತಿರುಗಿದರೆ, ದೋಷವು ವಿದ್ಯುತ್ತಿನ ಕಡೆಗಿದೆ, ಇಂಧನವನ್ನು ದೂಷಿಸಬೇಕಾಗಿಲ್ಲ. ತಾಮ್ರದ ತಂತಿಯ ಉಷ್ಣತೆಯು 75 ಡಿಗ್ರಿ ಏರಿದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆಯು ಸುಮಾರು ಶೇಕಡ 30ರಷ್ಟು ಹೆಚ್ಚುತ್ತದೆ. ಒಳ್ಳೆಯ ಸ್ಟಾರ್ಟರ್ ಇದನ್ನು ತಾಳಿಕೊಳ್ಳುತ್ತದೆ. ಬುಷ್ ಅಥವಾ ಕಾರ್ಬನ್ ಸವೆದ ಸ್ಟಾರ್ಟರ್, ತುಕ್ಕು ಹಿಡಿದ ನೆಲ-ಸಂಪರ್ಕದ ತಂತಿ, ಶಕ್ತಿಗುಂದಿದ ಬ್ಯಾಟರಿ ಇವು ತಾಳಿಕೊಳ್ಳವು. ಮೆಕ್ಯಾನಿಕ್ ಒಂದು ವೋಲ್ಟ್ ಮೀಟರಿನಿಂದ ಇದನ್ನು ಕೆಲವೇ ನಿಮಿಷಗಳಲ್ಲಿ ನಿರ್ಣಯಿಸಬಲ್ಲನು. ಪೂರ್ಣವಾಗಿ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ತಿರುಗುವಾಗ ಅದು ಸುಮಾರು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸಬಹುದು. ಬ್ಯಾಟರಿಯ ವೋಲ್ಟೇಜು ಸರಿಯಾಗಿದ್ದೂ ಮೋಟಾರು ನಿಧಾನವಾಗಿದ್ದರೆ ತಂತಿಗಳನ್ನೂ ಸ್ಟಾರ್ಟರನ್ನೂ ನೋಡಬೇಕು. ಈ ಪರೀಕ್ಷೆಯನ್ನು ಎಂಜಿನ್ ಬಿಸಿಯಾಗಿರುವಾಗಲೇ ಮಾಡಿಸಬೇಕೆಂಬುದು ಮುಖ್ಯ.

ತಿರುಗಿದರೂ ಹತ್ತದಿದ್ದರೆ

ಎಂಜಿನ್ ಎಂದಿನಂತೆ ಚುರುಕಾಗಿ ತಿರುಗಿಯೂ ಚಾಲೂ ಆಗದಿದ್ದರೆ ಮೂರು ಸಾಧ್ಯತೆಗಳುಂಟು: ಇಂಧನದ ಕೊರತೆ, ಇಂಧನದ ಅತಿರೇಕ, ಅಥವಾ ಕಿಡಿಯ ಅಭಾವ. ಯಾವುದೇ ಉಪಕರಣವಿಲ್ಲದೆ, ಚಾಲಕನ ಆಸನದಲ್ಲಿ ಕುಳಿತೇ ಇವುಗಳನ್ನು ಬಹುಮಟ್ಟಿಗೆ ಬೇರ್ಪಡಿಸಬಹುದು.

ಮೊದಲನೆಯ ಪರೀಕ್ಷೆ: ಸೆಲ್ಫ್ ಹೊಡೆಯದೆ ಕೀಲಿಯನ್ನು ‘ಆನ್’ ಸ್ಥಾನಕ್ಕೆ ಮಾತ್ರ ತಿರುಗಿಸಿ ಎರಡು-ಮೂರು ಸೆಕೆಂಡು ಬಿಟ್ಟು ಮತ್ತೆ ಆರಿಸಬೇಕು. ಗುಂಡಿಯೊತ್ತಿ ಚಾಲೂ ಮಾಡುವ ಕಾರಾದರೆ ಬ್ರೇಕನ್ನಾಗಲಿ ಕ್ಲಚ್ಚನ್ನಾಗಲಿ ತುಳಿಯದೆ ಗುಂಡಿಯನ್ನು ಒತ್ತಬೇಕು. ಪ್ರತಿಸಲವೂ ಹಿಂದಿನ ಆಸನದ ಕಡೆಯಿಂದ ಪಂಪಿನ ಮೆಲುದನಿಯ ಗುಂಯ್ಗುಡುವಿಕೆ ಕೇಳಿಸಬೇಕು. ಹೀಗೆ ಮೂರು-ನಾಲ್ಕು ಸಲ ಮಾಡಿ ಬಳಿಕ ಸೆಲ್ಫ್ ಹೊಡೆದಾಗ ಕಾರು ತಟ್ಟನೆ ಹೊರಟರೆ, ಇಳಿದುಹೋಗಿದ್ದ ಒತ್ತಡವನ್ನು ಪಂಪು ಮರಳಿ ತುಂಬಿದೆಯೆಂದು ತಿಳಿಯಬಹುದು. ತಡೆ ಕವಾಟ, ಒತ್ತಡ ನಿಯಂತ್ರಕ, ಇಂಜೆಕ್ಟರುಗಳನ್ನು ಪರಿಶೀಲಿಸಬೇಕಾಗುತ್ತದೆ. ಪಂಪಿನ ದನಿಯೇ ಕೇಳದಿದ್ದರೆ ಪಂಪು, ಅದರ ರಿಲೇ ಮತ್ತು ಫ್ಯೂಸುಗಳು ಶಂಕೆಗೆ ಒಳಗಾಗುತ್ತವೆ.

ಎರಡನೆಯ ಪರೀಕ್ಷೆ: ಪೆಟ್ರೋಲಿನ ವಾಸನೆ ಬಲವಾಗಿ ಬರುತ್ತಿದ್ದರೆ ಆಕ್ಸಿಲರೇಟರನ್ನು ಪೂರ್ತಿಯಾಗಿ ತುಳಿದು ಹಿಡಿದು ಸೆಲ್ಫ್ ಹೊಡೆಯಬೇಕು. ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದಾಗ ನಿಯಂತ್ರಣ ಘಟಕವು ಇಂಧನವನ್ನು ನಿಲ್ಲಿಸಿ ಗಾಳಿಯನ್ನಷ್ಟೇ ಒಳಬಿಡುತ್ತದೆ. ಕಾರ್ಬ್ಯುರೇಟರಿನ ಕಾರಿನಲ್ಲಿ ಪೆಡಲನ್ನು ಮತ್ತೆ ಮತ್ತೆ ತುಳಿಯಬಾರದು. ಪ್ರತಿ ತುಳಿತಕ್ಕೂ ಇನ್ನಷ್ಟು ಪೆಟ್ರೋಲು ಒಳಗೆ ಚಿಮ್ಮುತ್ತದೆ. ಎಂಜಿನ್ ತಡವರಿಸುತ್ತ ಹೊರಟು, ಕಪ್ಪು ಹೊಗೆಯುಗುಳಿ ಬಳಿಕ ಸರಿಯಾದರೆ ಇಂಧನದ ಅತಿರೇಕವೆಂದು ತಿಳಿಯಬೇಕು. ತೊಟ್ಟಿಕ್ಕುವ ಇಂಜೆಕ್ಟರ್ ಇದಕ್ಕೆ ಒಂದು ಕಾರಣ. ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಕವಾಟವು ತೆರೆದೇ ಉಳಿಯುವುದು ಇನ್ನೊಂದು. ಪೆಟ್ರೋಲು ತುಂಬಿಸಿದ ಕೂಡಲೇ ತೊಂದರೆ ಹೆಚ್ಚುವುದು ಇದರ ಗುರುತು. ಮೂರನೆಯದು ನೀರಿನ ಉಷ್ಣತೆಯನ್ನು ತಿಳಿಸುವ ಸಂವೇದಕದ ಸುಳ್ಳು ವರದಿ. ಎಂಜಿನ್ ಕಾದಿದ್ದರೂ ಈ ಸಂವೇದಕವು ತಣ್ಣಗಿದೆಯೆಂದು ಹೇಳಿದರೆ, ನಿಯಂತ್ರಣ ಘಟಕವು ಚಳಿಗಾಲದ ಮುಂಜಾನೆಗೆ ಬೇಕಾದಷ್ಟು ಇಂಧನವನ್ನು ಸುರಿಸುತ್ತದೆ. ಅಂತಹ ಕಾರಿನ ಮೈಲೇಜು ಇಳಿದಿರುವುದೂ ಸಾಮಾನ್ಯ. ಗ್ಯಾರೇಜಿನ ಸ್ಕ್ಯಾನರಿನಲ್ಲಿ ಕಾಣುವ ಉಷ್ಣತೆಯನ್ನು ಎಂಜಿನ್ನಿನ ನಿಜವಾದ ಉಷ್ಣತೆಯೊಡನೆ ಹೋಲಿಸಿದರೆ ಈ ಸುಳ್ಳು ಬಯಲಾಗುತ್ತದೆ.

ಮೂರನೆಯ ಪರೀಕ್ಷೆ: ಸೆಲ್ಫ್ ಹೊಡೆಯುವಾಗ ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮುಳ್ಳನ್ನು ಗಮನಿಸಬೇಕು. ಎಂಜಿನ್ ತಿರುಗುತ್ತಿರುವಾಗ ಅದು ಸ್ವಲ್ಪವಾದರೂ ಮೇಲೇಳುವುದು ಸಹಜ. ಕೊಂಚವೂ ಅಲುಗದಿದ್ದರೆ ಕ್ರ್ಯಾಂಕ್ ಸಂವೇದಕವು ಶಂಕೆಗೆ ಅರ್ಹ. ಎಂಜಿನ್ ಯಾವ ಸ್ಥಾನದಲ್ಲಿ ತಿರುಗುತ್ತಿದೆಯೆಂದು ತಿಳಿಸುವ ಈ ಪುಟ್ಟ ಭಾಗದೊಳಗಿನ ಸೂಕ್ಷ್ಮ ತಂತಿಯು ಹಳೆಯದಾದಾಗ, ಕಾದು ಹಿಗ್ಗಿ ಸಂಪರ್ಕ ಕಳೆದುಕೊಳ್ಳುತ್ತದೆ. ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಅದರ ಸಂಕೇತವಿಲ್ಲದೆ ಕಿಡಿಯೂ ಇಲ್ಲ, ಇಂಧನವೂ ಇಲ್ಲ. ಇಂತಹ ಕಾರು ಕೆಲವೊಮ್ಮೆ ಓಡುತ್ತಿರುವಾಗಲೇ ಒಮ್ಮೆಲೇ ನಿಂತುಬಿಡುವುದರಿಂದ ದುರಸ್ತಿಯನ್ನು ಮುಂದೂಡಬಾರದು. ಎಲ್ಲ ಕಾರುಗಳಲ್ಲಿ ಈ ಮುಳ್ಳು ಇರುವುದಿಲ್ಲ. ಇಲ್ಲದಲ್ಲಿ ಸ್ಕ್ಯಾನರಿನಿಂದ ಸುತ್ತುಗಳನ್ನು ನೋಡಬಹುದು. ಮುಳ್ಳು ಏಳುತ್ತಿದ್ದರೂ ಕಿಡಿ ಹಾರದಿದ್ದರೆ ಇಗ್ನಿಷನ್ ಕಾಯಿಲನ್ನು ಪರೀಕ್ಷಿಸಬೇಕು. ಕಾದಾಗ ಸೋತು ತಣಿದಾಗ ದುಡಿಯುವ ಸ್ವಭಾವ ಅದಕ್ಕೂ ಉಂಟು.

ಇವೆಲ್ಲವೂ ಸರಿಯಾಗಿದ್ದರೆ ಮೆಕ್ಯಾನಿಕ್ ಬಿಸಿ ಎಂಜಿನ್ನಿನ ಕಂಪ್ರೆಷನ್ ಅಳೆಯಬೇಕಾದೀತು. ವಾಲ್ವುಗಳ ಅಂತರವನ್ನು ತೀರ ಬಿಗಿಯಾಗಿಟ್ಟರೆ, ಕಾದು ಉದ್ದವಾದ ವಾಲ್ವು ಪೂರ್ತಿಯಾಗಿ ಮುಚ್ಚದೆ ಒತ್ತಡವು ಸೋರುತ್ತದೆ.

ಸಿ.ಎನ್.ಜಿ. ಮತ್ತು ಡೀಸೆಲ್ ಕಾರುಗಳು

ಮುಂಬಯಿ-ಠಾಣೆ ಪ್ರದೇಶದಲ್ಲಿ ಸಿ.ಎನ್.ಜಿ. ಕಾರುಗಳು ಹೇರಳವಾಗಿವೆ. ಇಂತಹ ಕಾರಿನ ಮಾಲೀಕರಿಗೆ ಒಂದು ಅನುಕೂಲವಿದೆ: ಬಿಸಿಯಾದ ಕಾರನ್ನು ಒಮ್ಮೆ ಪೆಟ್ರೋಲಿನಲ್ಲಿಯೂ ಒಮ್ಮೆ ಅನಿಲದಲ್ಲಿಯೂ ಓಡಿಸಿ ಹೋಲಿಸಬಹುದು. ತೊಂದರೆಯು ಒಂದೇ ಇಂಧನದಲ್ಲಿದ್ದರೆ ದೋಷವು ಆ ಇಂಧನದ ಭಾಗಗಳಲ್ಲಿದೆ. ಎರಡರಲ್ಲಿಯೂ ಇದ್ದರೆ ಕಿಡಿ ಅಥವಾ ಸಂವೇದಕಗಳ ಕಡೆಗೆ ಗಮನ ಹರಿಸಬೇಕು. ಅನಿಲವನ್ನು ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕಾಗುವುದರಿಂದ, ಸವೆದ ಪ್ಲಗ್ಗು ಮೊದಲು ಅನಿಲದಲ್ಲಿಯೇ ಸೋಲುತ್ತದೆ. ಬಹಳಷ್ಟು ಕಾರುಗಳು ಪೆಟ್ರೋಲಿನಲ್ಲಿ ಚಾಲೂ ಆಗಿ ಬಳಿಕ ಅನಿಲಕ್ಕೆ ಬದಲಾಗುವುದರಿಂದ ಟ್ಯಾಂಕಿನಲ್ಲಿ ಸ್ವಲ್ಪ ಪೆಟ್ರೋಲು ಸದಾ ಇರುವಂತೆ ನೋಡಿಕೊಳ್ಳಬೇಕು.

ಡೀಸೆಲ್ ಕಾರಿನಲ್ಲಿ ಕಿಡಿಯ ಮಾತೇ ಇಲ್ಲ. ಅಲ್ಲಿ ಬಿಸಿಯಾದ ಡೀಸೆಲ್ ತೆಳುವಾಗಿ, ಸವೆದ ಪಂಪು ಅಥವಾ ಇಂಜೆಕ್ಟರುಗಳ ಸಂದಿನಿಂದ ಹಿಂದಕ್ಕೆ ಸೋರುತ್ತದೆ. ಚಾಲೂ ಆಗಲು ಅವಶ್ಯಕವಾದ ಒತ್ತಡವು ಏರುವುದಿಲ್ಲ. ಇಂಜೆಕ್ಟರುಗಳಿಂದ ಹಿಂದಿರುಗುವ ಡೀಸೆಲ್ಲನ್ನು ಅಳೆದು ದೋಷವುಳ್ಳದ್ದನ್ನು ಗುರುತಿಸಬಹುದು.

ಮಾಡಬಾರದ ಕೆಲಸಗಳು

ಕಾರು ಚಾಲೂ ಆಗದ ಗಾಬರಿಯಲ್ಲಿ ಮಾಡುವ ಕೆಲವು ಕೆಲಸಗಳು ದೋಷಕ್ಕಿಂತ ಹೆಚ್ಚಿನ ಹಾನಿಯನ್ನು ತರುತ್ತವೆ. ಸಾರ್ವಜನಿಕರು ಕೆಳಗಿನ ಎಚ್ಚರಿಕೆಗಳನ್ನು ಪಾಲಿಸುವುದು ಅವಶ್ಯ.

ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿನ ಮೇಲೆ ತಣ್ಣೀರನ್ನು ಎರಚಬಾರದು. ಲೋಹವು ಬಿರಿಯಬಹುದು, ವಿದ್ಯುತ್ ಭಾಗಗಳು ನೆನೆಯಬಹುದು. ಎಂಜಿನ್ನಿನ ಬಾಯಿಗೆ ಪೆಟ್ರೋಲು ಸುರಿದು ಚಾಲೂ ಮಾಡುವ ಯತ್ನವು ಬೆಂಕಿಗೆ ಆಹ್ವಾನವಿತ್ತಂತೆ. ಇಂಜೆಕ್ಷನ್ ಕಾರಿನ ಇಂಧನ ಕೊಳವೆಯು ಒತ್ತಡದಲ್ಲಿರುವುದರಿಂದ ಅದನ್ನು ಬಿಚ್ಚುವುದು ತಿಳಿದವರ ಕೆಲಸ. ಪೆಟ್ರೋಲಿನ ವಾಸನೆಯಿರುವಾಗ ಪ್ಲಗ್ಗನ್ನು ಹೊರತೆಗೆದು ಕಿಡಿಯನ್ನು ಪರೀಕ್ಷಿಸಬಾರದು. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಹೊಡೆಯದೆ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಉರಿಯದ ಪೆಟ್ರೋಲು ಹೊರಹೋಗಿ ಹೊಗೆ ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಕೆಡಿಸುವುದೂ ಉಂಟು.

ಸೇತುವೆ ಅಥವಾ ಹೆದ್ದಾರಿಯ ಮೇಲೆ ಕಾರು ನಿಂತರೆ ಪರೀಕ್ಷೆಗಳೆಲ್ಲ ಆಮೇಲಿನ ಮಾತು. ಮೊದಲು ನಾಲ್ಕೂ ಸೂಚನಾ ದೀಪಗಳನ್ನು ಹೊತ್ತಿಸಿ, ಸಾಧ್ಯವಾದರೆ ಕಾರನ್ನು ಎಡ ಅಂಚಿಗೆ ತಳ್ಳಿಸಿ, ಹಿಂದೆ ಸಾಕಷ್ಟು ದೂರದಲ್ಲಿ ಪ್ರತಿಫಲಿಸುವ ತ್ರಿಕೋನ ಫಲಕವನ್ನಿಡಬೇಕು. ಮಕ್ಕಳನ್ನೂ ವೃದ್ಧರನ್ನೂ ಕಾರಿನಿಂದಿಳಿಸಿ ರಸ್ತೆಯ ಹೊರಬದಿಯಲ್ಲಿ ನಿಲ್ಲಿಸಬೇಕು. ಅಪಾಯದ ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.

ಮೆಕ್ಯಾನಿಕ್‌ಗೆ ಕೊಡಬೇಕಾದ ಟಿಪ್ಪಣಿ

ಕಾರಿನಲ್ಲಿ ಒಂದು ಸಣ್ಣ ಪುಸ್ತಕವಿಟ್ಟುಕೊಂಡು ಪ್ರತಿ ಸಲ ತೊಂದರೆಯಾದಾಗಲೂ ಆರು ವಿಷಯಗಳನ್ನು ಬರೆದಿಡಬೇಕು: ಎಷ್ಟು ಹೊತ್ತು ಓಡಿತ್ತು, ಎಷ್ಟು ನಿಮಿಷ ನಿಂತಿತ್ತು, ಸೆಲ್ಫ್ ಹೇಗೆ ತಿರುಗಿತು, ಪೆಟ್ರೋಲಿನ ವಾಸನೆಯಿತ್ತೇ, ಸುತ್ತುಗಳ ಮುಳ್ಳು ಎದ್ದಿತೇ, ಎಷ್ಟು ಹೊತ್ತಿನ ಮೇಲೆ ಅಥವಾ ಏನು ಮಾಡಿದ ಮೇಲೆ ಹೊರಟಿತು.

ಇದರ ಉಪಯೋಗವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಡೊಂಬಿವಲಿಯ ಒಬ್ಬ ಗೃಹಸ್ಥರ ಪುಸ್ತಕದಲ್ಲಿ ಹೀಗಿದೆಯೆನ್ನೋಣ: ‘ಒಂದು ಗಂಟೆ ಓಟ; ಇಪ್ಪತ್ತು ನಿಮಿಷ ನಿಲುಗಡೆ; ಸೆಲ್ಫ್ ಚುರುಕು; ವಾಸನೆಯಿಲ್ಲ; ಮುಳ್ಳು ಎದ್ದಿತು; ಕೀಲಿಯನ್ನು ನಾಲ್ಕು ಸಲ ಆನ್ ಮಾಡಿದ ಮೇಲೆ ಕೂಡಲೇ ಹೊರಟಿತು.’ ಸೆಲ್ಫ್ ಚುರುಕಾಗಿದ್ದುದರಿಂದ ಬ್ಯಾಟರಿ ಮತ್ತು ಸ್ಟಾರ್ಟರ್ ನಿರ್ದೋಷಿಗಳು. ಮುಳ್ಳು ಎದ್ದಿದ್ದರಿಂದ ಕ್ರ್ಯಾಂಕ್ ಸಂವೇದಕವು ಕೆಲಸ ಮಾಡುತ್ತಿದೆ. ವಾಸನೆಯಿಲ್ಲದ್ದರಿಂದ ಅತಿರೇಕವಲ್ಲ. ಉಳಿದುದು ಇಂಧನದ ಒತ್ತಡದ ಇಳಿತ. ಮೆಕ್ಯಾನಿಕ್ ಒಂದು ಮಾಪಕವನ್ನು ಜೋಡಿಸಿ, ಎಂಜಿನ್ ನಿಂತ ಮೇಲೆ ಒತ್ತಡವು ಎಷ್ಟು ಬೇಗ ಇಳಿಯುತ್ತದೆಂದು ನೋಡಿದರೆ ಸಾಕು. ಹೊಸ ಬ್ಯಾಟರಿ, ಹೊಸ ಸ್ಟಾರ್ಟರ್, ಹೊಸ ಸಂವೇದಕ ಇವು ಮೂರರ ಖರ್ಚೂ ಉಳಿಯಿತು.

ಗ್ಯಾರೇಜಿಗೆ ಹೋದಾಗ ಕಾರನ್ನು ಬೆಳಿಗ್ಗೆ ತಣ್ಣಗೆ ಬಿಟ್ಟುಬರುವುದಕ್ಕಿಂತ, ಚೆನ್ನಾಗಿ ಓಡಿಸಿ ಬಿಸಿಯಾದ ಸ್ಥಿತಿಯಲ್ಲಿ ಒಯ್ದು, ತೊಂದರೆಯುಂಟಾಗುವಷ್ಟು ನಿಮಿಷ ಅಲ್ಲಿಯೇ ನಿಲ್ಲಿಸಿ, ಮೆಕ್ಯಾನಿಕ್‌ನ ಎದುರಿನಲ್ಲಿಯೇ ಸೆಲ್ಫ್ ಹೊಡೆದು ತೋರಿಸುವುದು ಉತ್ತಮ. ಯಾವುದೇ ಭಾಗವನ್ನು ಬದಲಿಸುವ ಮುನ್ನ, ಯಾವ ಪರೀಕ್ಷೆಯಿಂದ ಅದರ ದೋಷವು ಸಿದ್ಧವಾಯಿತೆಂದು ಕೇಳುವ ಹಕ್ಕು ಮಾಲೀಕನಿಗಿದೆ; ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದೂ ಒಳ್ಳೆಯ ರೂಢಿ.

ಇಂದಿನ ಕಾರಿನ ಯಂತ್ರವು ಪದ್ಮಿನಿಯ ಯಂತ್ರಕ್ಕಿಂತ ಎಷ್ಟೋ ಪಾಲು ಜಟಿಲವಾಗಿದೆ. ಆದರೂ ಅದಕ್ಕೆ ಬೇಕಾದವು ಅಂದಿನವೇ: ಎಂಜಿನ್ ತಿರುಗಬೇಕು, ಹದವಾದ ಇಂಧನ ಸಿಗಬೇಕು, ಸಕಾಲಕ್ಕೆ ಅದು ಹೊತ್ತಿಕೊಳ್ಳಬೇಕು. ಬಿಸಿಯಲ್ಲಿ ಇವುಗಳ ಪೈಕಿ ಯಾವುದು ತಪ್ಪುತ್ತಿದೆಯೆಂದು ದೋಷವಿರುವಾಗಲೇ ಗಮನಿಸಿ ಬರೆದಿಟ್ಟುಕೊಂಡರೆ, ದುರಸ್ತಿಯ ಅರ್ಧ ಕೆಲಸವು ಗ್ಯಾರೇಜಿನ ಬಾಗಿಲಿಗೆ ಬರುವ ಮೊದಲೇ ಮುಗಿದಿರುತ್ತದೆ.